ಕೈಗೆ ಕೊಡುವ ವರದಿ

ಗಿರಿಜಾಂಬಿಕೆಯ ಈ ಕಥೆ ಶುರುವಾದದ್ದು ೧೯೯೬ರ ಮಾಘಮಾಸದ ಒಂದು ಬೆಳಿಗ್ಗೆ, ತಿಪಟೂರಿನಲ್ಲಿ ಡಾಕ್ಟರ್ ಏಕಾಂತಯ್ಯನವರು ನಡೆಸುತ್ತಿದ್ದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಬರಿಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರಿಂದ ಬೆಂಚಿನ ಮೇಲೆ ಕುಳಿತವರೆಲ್ಲರ ಮುಖದಲ್ಲೂ ಕಾಫಿ ಕಾಣದ ಸಿಡುಕಿತ್ತು. ಕಿಟಕಿಯ ಬಳಿ ಮೈಕ್ರೋಸ್ಕೋಪು, ಅದರ ಪಕ್ಕದ ಮೇಜಿನ ಮೇಲೆ ಬಾಗಿ ಬರೆಯುತ್ತಿದ್ದ ಮೂವತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸೇ ಗಿರಿಜಾಂಬಿಕೆ. ಬಿಳಿಯ ಕೋಟು, ಬಿಗಿಯಾಗಿ ಹೆಣೆದ ಜಡೆ. ಅವಳ ಮುಂದೆ ದಂಡಿನಶಿವರದಿಂದ ಬಂದ, ಐವತ್ತು ದಾಟಿದ ತಾಯಿಯೊಬ್ಬರು ಥರ್ಮಾಸ್ ಫ್ಲಾಸ್ಕನ್ನು ಹಸುಗೂಸಿನಂತೆ ಎದೆಗವಚಿಕೊಂಡು ನಿಂತಿದ್ದರು. ಫ್ಲಾಸ್ಕಿನೊಳಗೆ ಐಸಿನ ತುಂಡುಗಳ ನಡುವೆ ಅವರ ಗಂಡನ ರಕ್ತದ ಸೀಸೆ ಇತ್ತು. ತುರುವೇಕೆರೆಯ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ತೆಗೆದು ಕಳುಹಿಸಿದ್ದು.

"ಪೇಷೆಂಟ್ ಹೆಸರೇನಮ್ಮ?"

"ನಮ್ಮೋರ್ದು."

"ನಮ್ಮೋರು ಅಂತ ಬರೆಯೋಕಾಗಲ್ಲ. ಹೆಸರು ಹೇಳಿ."

"ಅಯ್ಯೋ, ಗಂಡನ ಹೆಸರ ಎಂಗವ್ವ ಬಾಯ್ಬುಟ್ಟು ಹೇಳ್ಲಿ? ನನ್ನೆಸರು ಚಿಕ್ಕಗಂಗಮ್ಮ. ಅದ್ರಾಗೆ ಮುಂದ್ಲ ಚಿಕ್ಕನ ತೆಗೀರಿ, ಇಂದ್ಲ ಅಮ್ಮನ ತೆಗೀರಿ, ಅಲ್ಲಿಗೆ ಒಂದು ಅಣ್ಣನ ಅಂಟಿಸ್ರಿ. ಅವ್ರೇಯ."

ಬೆಂಚಿನ ತುದಿಯಲ್ಲಿದ್ದ ಕೊಬ್ಬರಿ ವ್ಯಾಪಾರಿಯೊಬ್ಬ, "ಗಂಗಣ್ಣ ಅಂತ ಬರ್ಕಳ್ಳಿ ಮೇಡಂ. ನಾನು ಹೇಳ್ಬೌದು, ನಂಗೇನು ಅವ್ರು ಗಂಡ ಅಲ್ವಲ್ಲ" ಎಂದ. ಹಸಿದಿದ್ದ ಬೆಂಚು ಗೊಳ್ಳೆಂದು ನಕ್ಕಿತು. ಗಿರಿಜಾಂಬಿಕೆ ನಗಲಿಲ್ಲ. ಹೆಸರನ್ನು ದುಂಡಗೆ ಬರೆದು, ಸೀಸೆಯನ್ನು ತೆಗೆದುಕೊಂಡು ಗೋಡೆಯ ಕಡೆಗೆ ತಿರುಗಿದ ಮೇಲೆ ಒಬ್ಬಳೇ ನಕ್ಕಳು. ನಂಟರ ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಎದ್ದು ನೀರು ಕುಡಿಯುವವರ ಹಾಗಿತ್ತು ಆ ನಗು.

ಅವಳದು ಹಾಲ್ಕುರಿಕೆ. ತಂದೆಗೆ ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ಮಗಳು ಓದಿನಲ್ಲಿ ಚುರುಕೆಂದು ತಿಪಟೂರಿನಲ್ಲಿ ಪಿಯುಸಿ ಓದಿಸಿ, ಮೈಸೂರಿಗೆ ಕಳುಹಿಸಿ ಲ್ಯಾಬಿನ ತರಬೇತಿಯನ್ನೂ ಕೊಡಿಸಿದರು. ಕೆಲಸ ಸಿಕ್ಕಿತು. ಮದುವೆಯ ಮಾತುಗಳೂ ಬಂದವು. ಬಂದವರು ಹುಡುಗಿಯನ್ನು ನೋಡಿ ಒಪ್ಪುತ್ತಿದ್ದರು, ಉಪ್ಪಿಟ್ಟು ತಿಂದು ಒಪ್ಪುತ್ತಿದ್ದರು, ಅವಳ ಕೆಲಸವೇನೆಂದು ಕೇಳಿದ ಮೇಲೆ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಮರೆಮಾಚದೆ ಹೇಳಿಯೂ ಬಿಟ್ಟಳು: "ಕಂಡೋರ ರಕ್ತ, ಕಂಡೋರ ಉಚ್ಚೆ ಮುಟ್ಟೋ ಕೈ ಕಣ್ರಪ್ಪ. ಆ ಕೈಯಾಗೆ ನಮ್ಮನೇಲಿ ಮುದ್ದೆ ಕಟ್ಟುಸ್ಕೊಂಡು ತಿನ್ನಾದು ಎಂಗೆ?" ವರ್ಷಗಳು ಕಳೆದ ಹಾಗೆ ಬರುವವರೂ ನಿಂತರು. ತಂದೆ ತೀರಿಕೊಂಡರು, ಆಮೇಲೆ ತಾಯಿ. ಅಣ್ಣ ಶಿವಣ್ಣ ಒಳ್ಳೆಯವನೇ. ಆದರೆ ಹಬ್ಬಕ್ಕೆಂದು ಊರಿಗೆ ಹೋದಾಗ ಅವಳು ಅಡುಗೆಮನೆಯ ಹೊಸಿಲು ದಾಟುವ ಮೊದಲೇ ಅತ್ತಿಗೆ, "ಸೋಪಾಕಿ ತೊಳ್ಕೊಂಡ್ರಾ?" ಎನ್ನುವಳು. ಕೆಟ್ಟ ಮನಸ್ಸಿನಿಂದಲ್ಲ, ಅಭ್ಯಾಸದಿಂದ. ಗಿರಿಜಾಂಬಿಕೆ ಹಬ್ಬಕ್ಕೆ ಹೋಗುವುದನ್ನು ಕಡಿಮೆ ಮಾಡಿದಳು. ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಅವಳದೊಂದು ಬಾಡಿಗೆಯ ಕೋಣೆ. ಸಂಜೆ ಬೀಗ ತೆಗೆದರೆ ಒಳಗಿನಿಂದ ಕೊಬ್ಬರಿಯ ವಾಸನೆಯೊಂದೇ ಅವಳನ್ನು ಎದುರುಗೊಳ್ಳುತ್ತಿತ್ತು.

ಚಿಕ್ಕಗಂಗಮ್ಮನವರು ಮೊದಲು ಬಂದ ಆ ದಿನ ಪರೀಕ್ಷೆಯ ಫಲ ಸಿಗುವುದು ಮಧ್ಯಾಹ್ನವಾಗುತ್ತದೆ ಎಂದು ತಿಳಿದಾಗ ಉಳಿದವರು ಹೋಟೆಲಿನ ಕಡೆ ಹೋದರು. ಅವರು ಮಾತ್ರ ಬೆಂಚಿನ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.

"ಬಾರವ್ವ, ಒಂದು ತುಂಡು ತಿನ್ನು."

"ಬೇಡಮ್ಮ. ನಾನು ಈಗ ತಾನೇ ಅದು ಇದು ಮುಟ್ಟಿದೀನಿ."

"ತೊಳ್ಕಂಡಿಲ್ವಾ?"

"ತೊಳ್ಕೊಂಡಿದೀನಿ."

"ಇನ್ನೇನು ಮತ್ತೆ? ಹಸಾ ಈದಾಗ ಕರಾ ಎಳೆದ ಕೈಲೇ ನಾನು ರೊಟ್ಟಿ ತಟ್ಟಾದು. ಕೂತ್ಕೊ ಸುಮ್ನೆ."

ಹೀಗೆ ಹೇಳಿ ಅರ್ಧ ರೊಟ್ಟಿಯನ್ನು ಮುರಿದು ಅವಳ ಅಂಗೈಯಲ್ಲಿಯೇ ಇಟ್ಟರು. ಕೋಣೆಗೆ ಹಿಂತಿರುಗಿದ ಮೇಲೂ ಗಿರಿಜಾಂಬಿಕೆಗೆ ಆ ಚಟ್ನಿಯ ರುಚಿ ನಾಲಿಗೆಯ ಮೇಲಿತ್ತು.

ಗಂಗಣ್ಣನವರ ಮೂತ್ರಪಿಂಡಗಳು ಸೋಲತೊಡಗಿದ್ದವು. ತಿಂಗಳಿಗೊಮ್ಮೆ ರಕ್ತ ನೋಡಬೇಕೆಂದು ತುರುವೇಕೆರೆಯ ಡಾಕ್ಟರು ಹೇಳಿದ್ದರು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: ಎಳನೀರು ಕುಡಿಯಬಾರದು. ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚು, ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಅದು ಏರಿದರೆ ಗುಂಡಿಗೆಗೇ ಕುತ್ತು. "ತೋಟದ ತುಂಬ ತೆಂಗು ಮಡಿಕ್ಕಂಡು ಒಂದು ಎಳ್ನೀರು ಕುಡೀಬಾರ್ದಂತೆ. ಯಾವ ಸೀಮೆ ಕಾಯಿಲೆ ಕಣವ್ವ ಇದು?" ಎಂದು ಚಿಕ್ಕಗಂಗಮ್ಮನವರು ಬಂದಾಗಲೆಲ್ಲ ಕೇಳುವರು.

ತಿಂಗಳಿಗೊಮ್ಮೆ, ಶುಕ್ರವಾರ, ಅವರು ಬರುವುದು ಖಾತರಿ. ಬೆಳಿಗ್ಗೆ ಫ್ಲಾಸ್ಕು, ಮಧ್ಯಾಹ್ನ ಬುತ್ತಿ, ಮೂರರ ಹೊತ್ತಿಗೆ ಲಕೋಟೆ. ಬುತ್ತಿಯಲ್ಲಿ ಗಿರಿಜವ್ವನಿಗೆಂದು ಒಂದು ರೊಟ್ಟಿ ಹೆಚ್ಚಾಗಿರುತ್ತಿತ್ತು. ಅತ್ತೆ ಭೈರಮ್ಮನ ಬಾಯಿ, ಕಾಯಿ ಕೀಳುವವರ ಕಾಟ, ಎಮ್ಮೆಯ ಮೊಂಡುತನ, ಎಲ್ಲವೂ ಬುತ್ತಿಯೊಡನೆ ಬಿಚ್ಚಿಕೊಳ್ಳುತ್ತಿದ್ದವು. ಲಕೋಟೆಯನ್ನು ಮಾತ್ರ ಅವರು ಎಂದೂ ಬಿಚ್ಚಿದವರಲ್ಲ. ಮನೆಗೆ ಒಯ್ದು, ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ಇಡುವರು. ಸೋಮವಾರ ಶಿವನ ಪೂಜೆ ಆದ ಮೇಲೆಯೇ ಅದು ಗಂಡನ ಕೈಗೆ, ಅಲ್ಲಿಂದ ಡಾಕ್ಟರ ಕೈಗೆ. ಒಳಗೆ ಏನೇ ಬರೆದಿರಲಿ, ದೇವರ ಮುಂದೆ ಎರಡು ದಿನ ಇದ್ದರೆ ಅದರ ಉಗ್ರ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಗಿರಿಜಾಂಬಿಕೆ ಇದಕ್ಕೆ ಎದುರಾಡಲಿಲ್ಲ. ಆ ವರ್ಷಗಳಲ್ಲಿ ವರದಿಯಲ್ಲಿ ಅಂಥ ಅವಸರದ ಸಂಗತಿಯೂ ಇರಲಿಲ್ಲ.

೨೦೦೩ರಲ್ಲಿ ಲ್ಯಾಬಿಗೆ ಕಂಪ್ಯೂಟರ್ ಬಂದಿತು. ಡಾಕ್ಟರ್ ಏಕಾಂತಯ್ಯನವರು ಬೆಂಗಳೂರಿನ ದೊಡ್ಡ ಲ್ಯಾಬೊಂದರ ಜೊತೆ ಸೇರಿಕೊಂಡಿದ್ದರು. ಇನ್ನು ಮೇಲೆ ಎಲ್ಲ ವರದಿಯೂ ಒಂದೇ ಅಚ್ಚಿನಲ್ಲಿರಬೇಕು, ಯಾವ ಊರಿನ ಡಾಕ್ಟರ ಕಂಪ್ಯೂಟರಿಗೆ ಹೋದರೂ ಅದು ಓದುವಂತಿರಬೇಕು ಎಂಬುದು ಅಲ್ಲಿಯವರ ಷರತ್ತು. ಆವರೆಗೆ ಒಂದೇ ಸಕ್ಕರೆ ಪರೀಕ್ಷೆಯನ್ನು ಶೆಟ್ಟಿಕೆರೆಯ ಡಾಕ್ಟರು ಒಂದು ಹೆಸರಿನಿಂದ ಬರೆದರೆ ತುರುವೇಕೆರೆಯವರು ಇನ್ನೊಂದು ಹೆಸರಿನಿಂದ ಬರೆಯುತ್ತಿದ್ದರು. ಈಗ ಪ್ರತಿ ಪರೀಕ್ಷೆಗೂ ಒಂದು ಸಂಕೇತ, ಒಂದು ಅಳತೆ, ಗಂಡಸಿಗಿಷ್ಟು ಹೆಂಗಸಿಗಿಷ್ಟು ಮಗುವಿಗಿಷ್ಟು ಎಂಬ ಆರೋಗ್ಯದ ಮಿತಿ. ಮಿತಿ ದಾಟಿದರೆ ಅಂಕೆಯ ಪಕ್ಕದಲ್ಲಿ ಒಂದು ನಕ್ಷತ್ರ. ಜೀವಕ್ಕೆ ಅಪಾಯವಿದ್ದರೆ ಎರಡು ನಕ್ಷತ್ರ. ಎರಡು ನಕ್ಷತ್ರದ ವರದಿಯನ್ನು ಕಂಪ್ಯೂಟರು ಯಾರನ್ನೂ ಕೇಳದೆ, ಆ ಕ್ಷಣವೇ ಫೋನಿನ ತಂತಿಯ ಮೂಲಕ ಡಾಕ್ಟರಿಗೆ ರವಾನಿಸಿಬಿಡುತ್ತಿತ್ತು.

ಇದನ್ನೆಲ್ಲ ಕೂಡಿಸಿ ನಿಲ್ಲಿಸಿದವಳು ಗಿರಿಜಾಂಬಿಕೆಯೇ. ಬೆಂಗಳೂರಿನಿಂದ ಬಂದ ಎಂಜಿನಿಯರು ತಂತಿಗಳನ್ನು ಜೋಡಿಸಿ ಹೊರಟುಹೋದ. ಸಂಕೇತಗಳನ್ನೂ ಮಿತಿಗಳನ್ನೂ ಒಂದೊಂದಾಗಿ ತುಂಬುವ ಕೆಲಸ ಅವಳ ಪಾಲಿಗೆ ಬಂದಿತು. ಅದರಲ್ಲಿ ಅವಳಿಗೆ ನಿಜವಾದ ಸಂತೋಷ ಸಿಕ್ಕಿತು. ಮೊದಲ ವರದಿ ಮುದ್ರಣವಾಗಿ ಹೊರಬಂದಾಗ ಏಕಾಂತಯ್ಯನವರು ಅದನ್ನು ಬೆಳಕಿಗೆ ಹಿಡಿದು, "ಮದುವೆ ಲಗ್ನಪತ್ರಿಕೆ ಇದ್ದಂಗಿದೆ ಕಣಮ್ಮ ಗಿರಿಜಾ! ಇನ್ಮೇಲೆ ಜನ ಬಂದು ಇಲ್ಲಿ ಕಾಯೋ ಹಂಗೇ ಇಲ್ಲ" ಎಂದರು.

ಅವರ ಮಾತಿನಂತೆಯೇ ಆಯಿತು. ಊರೂರಿಂದ ಸೀಸೆಗಳನ್ನು ತರಲು ಒಂದು ಮೋಟಾರ್ ಬೈಕು ಗೊತ್ತಾಯಿತು, ವರದಿಗಳು ತಂತಿಯಲ್ಲಿ ಹೋದವು. ಹಾಲ್ಕುರಿಕೆಯವರೂ ಶೆಟ್ಟಿಕೆರೆಯವರೂ ಬರುವುದು ನಿಂತಿತು. ಬೆಂಚಿನ ಮೇಲೆ ಮೊದಮೊದಲು ನಾಲ್ಕಾರು ಜನರಾದರೂ ಇರುತ್ತಿದ್ದರು. ಆಮೇಲೆ ಊರಿನವರೇ ಒಬ್ಬಿಬ್ಬರು ಬಂದು, ತೋಳು ಚಾಚಿ ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು ಹೊರಟುಬಿಡುವರು. ಮಧ್ಯಾಹ್ನ ಲ್ಯಾಬಿನಲ್ಲಿ ಯಂತ್ರಗಳ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ತಾನು ಇಷ್ಟು ಮುತುವರ್ಜಿಯಿಂದ ಕಟ್ಟಿದ ವ್ಯವಸ್ಥೆ ತನ್ನ ಬಳಿಗೆ ಬರುತ್ತಿದ್ದ ಜನರನ್ನು ಅವರವರ ಮನೆಯಲ್ಲಿಯೇ ಉಳಿಸಿತೆಂದು ಅವಳಿಗೆ ನಿಧಾನವಾಗಿ ಅರ್ಥವಾಯಿತು. ಇದನ್ನು ಯಾರಲ್ಲಿ ಹೇಳಿಕೊಳ್ಳುವುದು? ಜನಕ್ಕೆ ಅನುಕೂಲವಾಗಿತ್ತು. ಅನುಕೂಲದ ಮೇಲೆ ದೂರು ಹೇಳಲು ಬರುವುದಿಲ್ಲ.

ಚಿಕ್ಕಗಂಗಮ್ಮನವರಿಗೂ ಈ ಸುದ್ದಿ ಮುಟ್ಟಿತು. ಆ ತಿಂಗಳು ಅವರು ಬಂದಾಗ ಮುಖ ಸಪ್ಪಗಿತ್ತು.

"ಇನ್ಮೇಲೆ ನಾನು ಬರಾದು ಬ್ಯಾಡ್ವಂತೆ. ಸೀದಾ ಡಾಕ್ಟ್ರಿಗೇ ಓಯ್ತದಂತೆ?"

"ಹೌದು ಗಂಗಕ್ಕ."

"ದೇವರ ಮುಂದೆ ಇಡಾಕ್ ಮುಂಚೆಯೇ?"

ಬುತ್ತಿ ಇನ್ನೂ ಗಂಟಿನಲ್ಲಿಯೇ ಇತ್ತು. ಗಿರಿಜಾಂಬಿಕೆ ಅದರ ಕಡೆ ನೋಡಿ, "ಹಾಗಾದ್ರೆ ನಿಮ್ಮದನ್ನ ಮಾತ್ರ ಕಾಗದದಲ್ಲೇ ಕೊಡ್ತೀನಿ ಬಿಡಿ. ನೀವು ಯಾವಾಗಿನಂಗೆ ಬನ್ನಿ" ಎಂದಳು.

ಕಂಪ್ಯೂಟರಿನಲ್ಲಿ ಪ್ರತಿ ರೋಗಿಯ ಹೆಸರಿನ ಮುಂದೆಯೂ ವರದಿ ಹೇಗೆ ತಲುಪಬೇಕೆಂದು ಗುರುತು ಹಾಕಲು ಒಂದು ಜಾಗವಿತ್ತು. ಗಂಗಣ್ಣನವರ ಹೆಸರಿನ ಮುಂದೆ ಅವಳು 'ಕೈಗೆ' ಎಂದು ಗುರುತು ಹಾಕಿದಳು. ಹಾಗೆ ಹಾಕಿದರೆ ಆ ರೋಗಿಯ ಯಾವ ವರದಿಯೂ, ಎರಡು ನಕ್ಷತ್ರದ್ದು ಕೂಡ, ತಂತಿಯಲ್ಲಿ ಹೋಗುವುದಿಲ್ಲ. ಅದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಗೆಳತಿಯ ನಂಬಿಕೆಗಾಗಿ ಹೀಗೆ ಮಾಡಿದೆನೆಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ಅರ್ಧ ನಿಜ. ತಿಂಗಳಿಗೊಮ್ಮೆ ಯಾರಾದರೂ ಎದುರಿಗೆ ಕುಳಿತು ರೊಟ್ಟಿ ಮುರಿಯಬೇಕೆಂಬ ಆಸೆ ಉಳಿದರ್ಧ.

ಮುಂದಿನ ವರ್ಷದ ಬೇಸಿಗೆ ಕಡುವಾಗಿತ್ತು. ಆ ಶುಕ್ರವಾರ ಚಿಕ್ಕಗಂಗಮ್ಮನವರು ಅತ್ತೆಯ ಹೊಸ ಕಥೆಯೊಂದನ್ನು ತಂದಿದ್ದರು. ಭೈರಮ್ಮನವರು ಟೀವಿಯಲ್ಲಿ ವಾರ್ತೆ ಓದುವ ಹೆಣ್ಣುಮಗಳು ತಮ್ಮನ್ನೇ ನೋಡುತ್ತಿದ್ದಾಳೆಂದು ತಿಳಿದು, ಸೆರಗು ಸರಿಮಾಡಿಕೊಂಡು, "ಊಟ ಆಯ್ತೇನವ್ವ?" ಎಂದು ಕೇಳಿದರಂತೆ. ಗಿರಿಜಾಂಬಿಕೆಗೆ ನಗು ತಡೆಯಲಾಗಲಿಲ್ಲ. ಈಚೆಗೆ ಅವಳು ಗೋಡೆಯ ಕಡೆ ತಿರುಗದೆ ನಗುತ್ತಿದ್ದಳು. ಅವರು ನಗುತ್ತಿದ್ದಾಗಲೇ ಯಂತ್ರ ಕೆಲಸ ಮುಗಿಸಿತು, ಪ್ರಿಂಟರು ಕಾಗದವನ್ನು ಹೊರಕ್ಕೆ ತಳ್ಳಿತು. ಹಿಂದೆ ಕೈಯಿಂದ ಬರೆಯುತ್ತಿದ್ದಾಗ ಪ್ರತಿ ಅಂಕೆಯೂ ಅವಳ ಕಣ್ಣಿನ ಮುಂದೆ ಹಾದುಹೋಗಲೇಬೇಕಿತ್ತು. ಈಗ ಅಪಾಯವಿದ್ದರೆ ಕಂಪ್ಯೂಟರೇ ಡಾಕ್ಟರನ್ನು ಎಬ್ಬಿಸುತ್ತದೆ ಎಂಬ ನೆಚ್ಚಿಕೆ; ಈ ಒಂದು ಹೆಸರಿಗೆ ಅದು ಸಲ್ಲದೆಂಬುದು ಆ ನಗುವಿನಲ್ಲಿ ಮರೆತುಹೋಗಿತ್ತು. ಅವಳು ಕಾಗದವನ್ನು ಮಡಿಸಿ, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟಳು.

"ಬತ್ತೀನಿ ಕಣವ್ವ."

"ಬನ್ನಿ ಗಂಗಕ್ಕ."

ಮಾರನೆಯ ದಿನ ಶನಿವಾರ. ವಾರದ ಎರಡು ನಕ್ಷತ್ರದ ವರದಿಗಳು ಎಷ್ಟು ಹೊತ್ತಿಗೆ ಡಾಕ್ಟರುಗಳಿಗೆ ತಲುಪಿದವು ಎಂಬುದನ್ನು ಬೆಂಗಳೂರಿಗೆ ತಿಳಿಸುವ ದಿನ. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಗಿರಿಜಾಂಬಿಕೆ ತೆರೆಯ ಮೇಲೆ ಅವನ್ನು ನೋಡುತ್ತ ಬಂದಳು. ಎಲ್ಲ ಹೆಸರುಗಳ ಮುಂದೆಯೂ ತಲುಪಿದ ಹೊತ್ತು ಇತ್ತು. ಒಂದರ ಮುಂದೆ ಮಾತ್ರ ಖಾಲಿ. ಗಂಗಣ್ಣ, ದಂಡಿನಶಿವರ. ಪೊಟ್ಯಾಸಿಯಂ ಆರು ಪಾಯಿಂಟ್ ಎಂಟು. ಎರಡು ನಕ್ಷತ್ರ.

ವರದಿ ಕುಂಕುಮ ಹಚ್ಚಿಸಿಕೊಂಡು ದೇವರ ಗೂಡಿನಲ್ಲಿ ಕುಳಿತಿದೆ, ಸೋಮವಾರದವರೆಗೆ ಅಲ್ಲಿಂದ ಏಳುವುದಿಲ್ಲ. ತುರುವೇಕೆರೆಯ ಕ್ಲಿನಿಕ್ಕಿಗೆ ಫೋನು ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಯಾರೋ ಎತ್ತಿ, ಡಾಕ್ಟರು ಮದುವೆಗೆ ಹೋಗಿದ್ದಾರೆ ಎಂದರು. ಗಂಗಣ್ಣನವರ ಮನೆಯಲ್ಲಿ ಫೋನಿರಲಿಲ್ಲ. ಏಕಾಂತಯ್ಯನವರ ಮನೆಗೆ ಓಡಿ ವಿಷಯ ತಿಳಿಸಿದಳು. "ತಡ ಮಾಡ್ಬೇಡಮ್ಮ, ಸೀದಾ ತುಮಕೂರಿಗೆ ಕರ್ಕೊಂಡು ಹೋಗೋಕೆ ಹೇಳು. ಆಸ್ಪತ್ರೆಗೆ ನಾನು ಫೋನ್ ಮಾಡಿರ್ತೀನಿ" ಎಂದರು. ಅವಳು ಸಿಕ್ಕಿದ ಬಸ್ಸು ಹತ್ತಿದಳು.

ನಿಲ್ಲಲೂ ಜಾಗವಿರಲಿಲ್ಲ. ಕಂಬಿಗೆ ಜೋತುಬಿದ್ದು, ಬೆವರಿ, ನಡುವೆ ಇಳಿದು ಇನ್ನೊಂದು ಬಸ್ಸಿಗೆ ಕಾದು, ಮತ್ತೆ ನಿಂತು. ಇಷ್ಟು ವರ್ಷಗಳಲ್ಲಿ ಅವಳು ಈ ದಾರಿಯಲ್ಲಿ ಬಂದವಳೇ ಅಲ್ಲ. ಆ ವಯಸ್ಸಾದ ಜೀವವನ್ನು ಕಂಪ್ಯೂಟರು ಬಂದ ಮೇಲೂ ತಿಂಗಳು ತಿಂಗಳೂ ಈ ದಾರಿಯಲ್ಲಿ ಎಳೆದಾಡಿಸಿದ್ದು ತನ್ನ ಒಂದು ಗುರುತು ಎಂಬುದು ಆ ಬಸ್ಸಿನಲ್ಲಿ ಅವಳಿಗೆ ಹೊಳೆಯಿತು.

ಮನೆ ಸಿಕ್ಕಿತು. ಗಂಗಣ್ಣನವರು ಜಗಲಿಯ ಮೇಲೆ ಕಂಬಕ್ಕೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ಆಗಷ್ಟೇ ಕೆತ್ತಿದ ಎಳನೀರಿನ ಬುರುಡೆ. ಅವಳು ಬಿಚ್ಚದೆಯೇ ಬಂದಿದ್ದ ಬಿಳಿಯ ಕೋಟನ್ನು ನೋಡಿ ಅವರಿಗೆ ಗುರುತು ಸಿಕ್ಕಿತು.

"ಓಹೋ, ಲ್ಯಾಬಮ್ಮ! ಬಾರವ್ವ, ಬಾ. ಏಳಾಣ ಅಂದ್ರೆ ಯಾಕೋ ಕಾಲೇ ಬತ್ತಿಲ್ಲ. ಬಿಸ್ಲಿಗೆ ಇರ್ಬೇಕು. ನಮ್ಮೋಳ್ಗೆ ಹೇಳ್ಬ್ಯಾಡ, ಇದೊಂದೇ ಕುಡ್ದಿರಾದು" ಎಂದು ನಕ್ಕರು. ನಗುವುದಕ್ಕೂ ಅವರಿಗೆ ಉಸಿರು ಸಾಲುತ್ತಿರಲಿಲ್ಲ.

"ಗಂಗಕ್ಕಾ! ಲಕೋಟೆ ಎಲ್ಲಿ?"

ಚಿಕ್ಕಗಂಗಮ್ಮನವರು ಒಳಗಿನಿಂದ ಬಂದರು. "ದೇವ್ರ ಗೂಡ್ನಾಗೆ ಐತೆ. ಯಾಕವ್ವ, ಏನಾಯ್ತು?"

ಗಿರಿಜಾಂಬಿಕೆ ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದು, ಗೂಡಿಗೆ ಕೈ ಹಾಕಿ ಲಕೋಟೆಯನ್ನು ತೆಗೆದುಕೊಂಡಳು. ಮೂಲೆಯಿಂದ ಭೈರಮ್ಮನವರು ಕೂಗಿದರು: "ಯಾರ್ಲೇ ಅದು, ಕೈಕಾಲಿಗೆ ನೀರಾಕ್ಕಳ್ದೆ ದೇವ್ರ ಮುಟ್ಟಿದ್ದು!" ಅವಳಿಗೆ ಅದು ಕೇಳಿಸಲಿಲ್ಲ. ಪಕ್ಕದ ಮನೆಯ ಕೆಂಚಪ್ಪನ ಟೆಂಪೊದಲ್ಲಿ ಸಂತೆಗೆ ತುಂಬಿದ್ದ ಕಾಯಿಯನ್ನು ಅಂಗಳಕ್ಕೆ ಸುರಿಸಿ, ಗಂಗಣ್ಣನವರನ್ನು ಮಲಗಿಸಿಕೊಂಡು ತುಮಕೂರಿಗೆ ಹೊರಟರು. ದಾರಿಯುದ್ದಕ್ಕೂ ಗಿರಿಜಾಂಬಿಕೆ ಅವರ ನಾಡಿ ಹಿಡಿದೇ ಕುಳಿತಿದ್ದಳು.

ಜೀವ ಉಳಿಯಿತು. ಬೆಳಿಗ್ಗೆ ಡಾಕ್ಟರು ಬಂದು ಗಂಡಾಂತರ ಕಳೆಯಿತೆಂದು ಹೇಳಿಹೋದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಇಬ್ಬರೇ ಕುಳಿತಿದ್ದಾಗ ಚಿಕ್ಕಗಂಗಮ್ಮನವರು ಅವಳ ಕೈ ಹಿಡಿದುಕೊಂಡು, "ನೀನು ಬರ್ದಿದ್ರೆ ಅವ್ರು ಇರ್ತಿರ್ಲಿಲ್ಲ ಕಣವ್ವ" ಎಂದರು. ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿರಲು ಅವಳಿಂದಾಗಲಿಲ್ಲ. ಎಲ್ಲವನ್ನೂ ಹೇಳಿದಳು. ವರದಿ ಶುಕ್ರವಾರವೇ ಡಾಕ್ಟರಿಗೆ ತಲುಪಬೇಕಾಗಿತ್ತು, ಅದನ್ನು ತಡೆದವಳು ತಾನು, ದೇವರಿಗಾಗಿಯಷ್ಟೇ ತಡೆದದ್ದಲ್ಲ.

"ನೀವು ಬರೋದು ನಿಂತುಹೋಗುತ್ತೆ ಅಂತ ಹಂಗೆ ಮಾಡಿದೆ ಗಂಗಕ್ಕ."

ಚಿಕ್ಕಗಂಗಮ್ಮನವರು ಹಿಡಿದ ಕೈ ಸಡಿಲವಾಯಿತು. ಆಮೇಲೆ ಮೆಲ್ಲಗೆ, ಬೈಯುವವರ ಹಾಗೂ ಅಲ್ಲದೆ, ಸಮಾಧಾನ ಹೇಳುವವರ ಹಾಗೂ ಅಲ್ಲದೆ ಹೇಳಿದರು: "ಬಾ ಅಂತ ಒಂದು ಮಾತು ಕರ್ದಿದ್ರೆ ಸುಮ್ನೇ ಬತ್ತಿದ್ನಲ್ಲೇ."

ಸೋಮವಾರ ಲ್ಯಾಬಿಗೆ ಬಂದ ಕೂಡಲೇ ಗಿರಿಜಾಂಬಿಕೆ ಗಂಗಣ್ಣನವರ ಹೆಸರಿನ ಮುಂದಿನ ಗುರುತನ್ನು ಬದಲಾಯಿಸಿದಳು. ಏಕಾಂತಯ್ಯನವರಿಗೂ ನಡೆದದ್ದನ್ನು ಮುಚ್ಚಿಡದೆ ತಿಳಿಸಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಎರಡು ನಕ್ಷತ್ರ ಇದ್ರೆ ಯಾವ ಗುರುತಿದ್ರೂ ಹೋಗ್ಲೇಬೇಕು, ಹಂಗೆ ಮಾಡಿಸಿಬಿಡಮ್ಮ" ಎಂದರೇ ಹೊರತು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಬೆಂಗಳೂರಿಗೆ ಬರೆದು ಆ ತಿದ್ದುಪಡಿಯನ್ನು ಅವಳೇ ಮಾಡಿಸಿದಳು.

ಅಲ್ಲಿಂದ ಮುಂದೆ ಗಂಗಣ್ಣನವರ ರಕ್ತ ತಿಂಗಳು ತಿಂಗಳೂ ಬೈಕಿನಲ್ಲಿ ಬಂದಿತು, ವರದಿ ತಂತಿಯಲ್ಲಿ ಹೋಯಿತು. ಚಿಕ್ಕಗಂಗಮ್ಮನವರು ಬರಲಿಲ್ಲ. ಸಿಟ್ಟೋ, ಕಾಯಿಲೆಯವರನ್ನು ಬಿಟ್ಟು ಬರಲಾಗದ ಕಷ್ಟವೋ ತಿಳಿಯದು. ಕರೆದರೆ ಬರುತ್ತಿದ್ದೆ ಎಂದಿದ್ದರು. ಹಾಗೆಂದವರನ್ನು ಕರೆಯಲು ಗಿರಿಜಾಂಬಿಕೆಗೆ ಬಾಯಿ ಬರಲಿಲ್ಲ. ಅಂಕೆಗಳನ್ನು ನೋಡಿಯೇ ಆ ಮನೆಯ ಕ್ಷೇಮಸಮಾಚಾರವನ್ನು ತಿಳಿದುಕೊಳ್ಳುವಳು. ಈ ತಿಂಗಳು ಒಂದು ನಕ್ಷತ್ರ, ಪರವಾಗಿಲ್ಲ. ಈ ತಿಂಗಳು ಒಂದೂ ಇಲ್ಲ, ಎಳನೀರು ಬಿಟ್ಟಿದ್ದಾರೆ. ಎರಡು ವರ್ಷ ಕಳೆದ ಮೇಲೆ ಒಂದು ತಿಂಗಳು ಸೀಸೆಯೇ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಬೈಕಿನವನನ್ನು ಕೇಳಿದಾಗ, "ಅವ್ರು ಹೋಗ್ಬುಟ್ರಲ್ಲ ಮೇಡಂ, ತಿಥಿನೂ ಆಗೋಯ್ತು" ಎಂದು ಹೇಳಿ ಹೆಲ್ಮೆಟ್ಟು ಹಾಕಿಕೊಂಡ.

ಈಗ, ಈ ೨೦೦೯ರಲ್ಲಿ, ಗಿರಿಜಾಂಬಿಕೆ ಅದೇ ಲ್ಯಾಬಿನಲ್ಲಿದ್ದಾಳೆ. ಮೂರು ತಾಲ್ಲೂಕುಗಳ ವರದಿಗಳೂ ಅವಳ ತೆರೆಯ ಮೂಲಕವೇ ಹಾದುಹೋಗುತ್ತವೆ. ಕೂದಲು ನರೆತಿದೆ, ಕೈಕೆಳಗೆ ಇಬ್ಬರು ಹೊಸಬರಿದ್ದಾರೆ, ಊಟದ ಹೊತ್ತಿಗೆ ಅವರು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಎರಡು ನಕ್ಷತ್ರದ ವರದಿಗಳನ್ನು ಕಂಪ್ಯೂಟರು ತಪ್ಪದೆ ಕಳುಹಿಸುತ್ತದೆ. ಕಳುಹಿಸಿದ ಮೇಲೆ ಅವಳು ತನ್ನ ಮೊಬೈಲಿನಿಂದ ರೋಗಿಯ ಮನೆಗೂ ಒಂದು ಫೋನು ಮಾಡುತ್ತಾಳೆ. ಅದರ ಅಗತ್ಯವಿಲ್ಲವೆಂದು ಏಕಾಂತಯ್ಯನವರು ಹೇಳಿ ಹೇಳಿ ಸುಮ್ಮನಾಗಿದ್ದಾರೆ. ಮೊನ್ನೆ ಶೆಟ್ಟಿಕೆರೆಯ ಕಡೆಯ ಒಂದು ಮನೆಗೆ ಹೀಗೆಯೇ ಮಾಡಿದಳು. ಆ ಕಡೆ ಟ್ರ್ಯಾಕ್ಟರಿನ ಸದ್ದು, ಯಾರೋ ಯಾರನ್ನೋ ಕೂಗುವ ಗದ್ದಲ.

"ಯಾರು?"

"ತಿಪಟೂರು ಲ್ಯಾಬಿನಿಂದ. ನಿಮ್ಮ ತಾಯಿಯವರನ್ನ ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ನಾಳೆ ಅನ್ನಬೇಡಿ. ವರದಿ ಆಗಲೇ ಅವರಿಗೆ ತಲುಪಿದೆ."

"ಆಯ್ತು ಬುಡಿ, ಈಗ್ಲೇ ಓಯ್ತೀವಿ."

"ಅಮ್ಮ ಊಟ ಮಾಡ್ತಿದಾರಾ?" ಎಂದು ಕೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯವರು ಫೋನು ಇಟ್ಟಿದ್ದರು. ಗಿರಿಜಾಂಬಿಕೆ ತೆರೆಯ ಕಡೆಗೆ ತಿರುಗಿ ಮುಂದಿನ ಹೆಸರನ್ನು ಓದಿದಳು.